ಸಭಾಪಾಲಕರ ನಿವೃತ್ತಿ, ಶಿಕ್ಷಕರ ದುಡಿಮೆ: ಜೇಮ್ಸ್ ಲಾಸನ್ ಮತ್ತು ಅಹಿಂಸೆಯ ತರಗತಿ

ಮೆಥಡಿಸ್ಟ್ ಸಭೆಯ ಪಾಲಕರು ತಾವು ಬಯಸಿದ ಊರಿನಲ್ಲಿ ನೆಲೆಯೂರಿ ಇರುವಂತಿಲ್ಲ. ಒಂದು ಪ್ರಾಂತದ ಪಾಲಕರೂ ಸಾಮಾನ್ಯ ಸದಸ್ಯರ ಪ್ರತಿನಿಧಿಗಳೂ ವರ್ಷಕ್ಕೊಮ್ಮೆ ಕೂಡುವ ‘ವಾರ್ಷಿಕ ಕಾನ್ಫರೆನ್ಸ್’ ಎಂಬ ಸಮ್ಮೇಳನದಲ್ಲಿ ಬಿಷಪ್ಪರು ಯಾರನ್ನು ಯಾವ ಊರಿಗೆ ನೇಮಿಸುತ್ತಾರೋ ಅವರು ಆ ಊರಿಗೆ ಹೊರಡಬೇಕು. ಹದಿನೆಂಟನೆಯ ಶತಮಾನದಲ್ಲಿ ಮೆಥಡಿಸ್ಟ್ ಪಂಥದ ಪ್ರವರ್ತಕ ಜಾನ್ ವೆಸ್ಲಿ ಕುದುರೆಯೇರಿ ಇಂಗ್ಲೆಂಡಿನ ಗಣಿಕೇರಿಗಳಲ್ಲೂ ಬಯಲುಗಳಲ್ಲೂ ಬೋಧಿಸುತ್ತ ತಿರುಗಿದ ಕಾಲದಿಂದ ಉಳಿದುಬಂದಿರುವ ಈ ಸಂಚಾರಿ ಪದ್ಧತಿ, ಸ್ಥಾವರಕ್ಕಿಂತ ಜಂಗಮಕ್ಕೆ ಹೆಚ್ಚಿನ ಬೆಲೆ ಕೊಟ್ಟ ಪರಂಪರೆಯನ್ನು ಬಲ್ಲ ಕನ್ನಡಿಗರಿಗೆ ಅಪರಿಚಿತವೆನಿಸದು. ವಯೋಮಿತಿ ತಲುಪಿ ನಿವೃತ್ತರಾಗುವ ಪಾಲಕರು ಈ ನೇಮಕದ ಕಟ್ಟಿನಿಂದ ಮಾತ್ರ ಬಿಡುಗಡೆ ಹೊಂದುತ್ತಾರೆ. ಅವರು ಪಡೆದ ದೀಕ್ಷೆ ಜೀವಮಾನದ್ದಾದ್ದರಿಂದ ಅದಕ್ಕೆ ನಿವೃತ್ತಿಯೆಂಬುದಿಲ್ಲ, ಕಾನ್ಫರೆನ್ಸಿನ ಸದಸ್ಯತ್ವವೂ ಹಾಗೆಯೇ ಉಳಿಯುತ್ತದೆ. ಈ ಅವಕಾಶವನ್ನು ಕೊನೆಯುಸಿರಿನವರೆಗೆ ಬಳಸಿಕೊಂಡವರಲ್ಲಿ ಅಮೆರಿಕದ ಜೇಮ್ಸ್ ಮಾರಿಸ್ ಲಾಸನ್ ಪ್ರಮುಖರು.

ಲಾಸನ್ 1974 ರಿಂದ 1999 ರವರೆಗೆ ಲಾಸ್ ಏಂಜಲಿಸ್ ನಗರದ ಹೋಲ್ಮನ್ ಯುನೈಟೆಡ್ ಮೆಥಡಿಸ್ಟ್ ಸಭೆಯ ಪಾಲಕರಾಗಿದ್ದು, ಎಪ್ಪತ್ತರ ವಯಸ್ಸಿನಲ್ಲಿ ನಿವೃತ್ತರಾದರು. ಆ ಬಳಿಕ 2024 ರ ಜೂನ್ 9 ರಂದು ತೀರಿಕೊಳ್ಳುವವರೆಗೆ ಇನ್ನೊಂದು ಇಪ್ಪತ್ತೈದು ವರ್ಷ ಅದೇ ನಗರದಲ್ಲಿ ದುಡಿದರು. ಚರಿತ್ರೆಯ ಪುಸ್ತಕಗಳು ಅವರನ್ನು ನೆನೆಯುವುದು ಹೆಚ್ಚಾಗಿ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಕಳೆದ 1958 ರಿಂದ 1968 ರವರೆಗಿನ ಒಂದು ದಶಕಕ್ಕಾಗಿ, ಅದರಲ್ಲಿಯೂ ಮಾರ್ಟಿನ್ ಲೂಥರ್ ಕಿಂಗ್‌ರ ಒಡನಾಡಿಯೆಂಬ ಕಾರಣಕ್ಕಾಗಿ. ಆ ದಶಕದ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಹಿಂಸೆಯೆಂಬುದು ಮಹಾಪುರುಷರಿಗೆ ಮಾತ್ರ ಒಲಿಯುವ ಗುಣವಲ್ಲ, ಈಜು ಕಲಿತಂತೆ, ನೇಯ್ಗೆ ಕಲಿತಂತೆ ಯಾರು ಬೇಕಾದರೂ ಅಭ್ಯಾಸದಿಂದ ಕಲಿಯಬಹುದಾದ ವಿದ್ಯೆ ಎಂಬ ಅವರ ನಂಬಿಕೆ ಸಂಪೂರ್ಣವಾಗಿ ಪರೀಕ್ಷೆಗೊಳಗಾದದ್ದು ಪತ್ರಿಕೆಗಳ ಕಣ್ಣು ಅವರಿಂದ ಸರಿದ ನಂತರದ ಐವತ್ತು ವರ್ಷಗಳಲ್ಲಿ. ಆದ್ದರಿಂದ ಅವರ ಬದುಕನ್ನು ಆ ಕೊನೆಯ ವರ್ಷಗಳ ಕಡೆಯಿಂದ ನೋಡುವುದು ಹೆಚ್ಚು ನ್ಯಾಯ.

ಲಾಸನ್ ಹುಟ್ಟಿದ್ದು 1928 ರ ಸೆಪ್ಟೆಂಬರ್ 22 ರಂದು, ಪೆನ್ಸಿಲ್ವೇನಿಯ ರಾಜ್ಯದ ಯೂನಿಯನ್‌ಟೌನಿನಲ್ಲಿ. ಬೆಳೆದದ್ದು ಓಹಾಯೊ ರಾಜ್ಯದ ಮ್ಯಾಸಿಲನ್ ಎಂಬ ಊರಿನಲ್ಲಿ. ತಂದೆ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಝಯಾನ್ ಸಭೆಯ ಪಾಲಕರು. ಈ ಉದ್ದನೆಯ ಹೆಸರಿನ ಹಿಂದೆ ಒಂದು ನೋವಿನ ಕಥೆಯಿದೆ. ವೆಸ್ಲಿ ಗುಲಾಮಗಿರಿಯನ್ನು ಖಂಡಿಸಿ 1774 ರಲ್ಲಿಯೇ ಪುಸ್ತಿಕೆಯೊಂದನ್ನು ಬರೆದಿದ್ದರೂ, ಅಮೆರಿಕದ ಮೆಥಡಿಸ್ಟರು ತಮ್ಮ ಆಲಯಗಳಲ್ಲಿ ಕಪ್ಪು ಸದಸ್ಯರನ್ನು ಬೇರೆಯಾಗಿಯೇ ಕೂರಿಸುತ್ತಿದ್ದರು. ಅದನ್ನು ಸಹಿಸಲಾರದೆ ಹೊರನಡೆದ ನ್ಯೂಯಾರ್ಕಿನ ಕಪ್ಪು ಮೆಥಡಿಸ್ಟರು ಕಟ್ಟಿಕೊಂಡದ್ದು ಝಯಾನ್ ಸಭೆ. 1844 ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆಯೇ ಬಿಳಿಯರೇ ಹೆಚ್ಚಾಗಿದ್ದ ಮೆಥಡಿಸ್ಟ್ ಸಭೆಯೂ ಉತ್ತರ, ದಕ್ಷಿಣವೆಂದು ಒಡೆಯಿತು. 1939 ರಲ್ಲಿ ಅವೆರಡೂ ಮತ್ತೆ ಒಂದಾದಾಗ, ಅವುಗಳಲ್ಲಿಯೇ ಉಳಿದಿದ್ದ ಕಪ್ಪು ಸಭೆಗಳಲ್ಲಿ ಬಹುಪಾಲನ್ನು ಪ್ರತ್ಯೇಕವಾಗಿ ಗುಂಪುಗೂಡಿಸಿ ‘ಕೇಂದ್ರೀಯ ಆಡಳಿತ ಪ್ರಾಂತ’ವೆಂಬ ಬೇರೆಯದೇ ವಿಭಾಗವನ್ನು ಮಾಡಲಾಯಿತು. ಲಾಸನ್ ದೀಕ್ಷೆ ಪಡೆದದ್ದು ಹೀಗೆ ತನ್ನೊಳಗೇ ಗೋಡೆ ಕಟ್ಟಿಕೊಂಡಿದ್ದ ಸಭೆಯಲ್ಲಿ. ಆ ವಿಭಾಗ ರದ್ದಾದದ್ದು 1968 ರಲ್ಲಿ, ಅವರಿಗೆ ನಲವತ್ತು ತುಂಬುವ ವರ್ಷದಲ್ಲಿ.

ತಂದೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ತಿರುಗುತ್ತಿದ್ದ ಪಾಲಕರು. ಸ್ವಾಭಿಮಾನಕ್ಕಾಗಿ ಕೈ ಎತ್ತಬೇಕಾಗಿ ಬಂದರೆ ಎತ್ತಬೇಕೆಂಬ ಮನೋಧರ್ಮದವರು. ಜಮೈಕಾದಿಂದ ವಲಸೆ ಬಂದಿದ್ದ ತಾಯಿಯ ಸ್ವಭಾವ ಬೇರೆ. ಹತ್ತರ ಆಸುಪಾಸಿನ ಬಾಲಕನಾಗಿದ್ದಾಗ, ಕಾರಿನಲ್ಲಿ ಕುಳಿತಿದ್ದ ಬಿಳಿಯ ಮಗುವೊಂದು ತನ್ನನ್ನು ಜನಾಂಗದ ಹೆಸರು ಹಿಡಿದು ಹೀನಾಯವಾಗಿ ಕೂಗಿದಾಗ ಅದರ ಕೆನ್ನೆಗೆ ಹೊಡೆದು ಬಂದ ಮಗನಿಗೆ ಅವರು ಬೈಯಲಿಲ್ಲ, ಭೇಷ್ ಎನ್ನಲೂ ಇಲ್ಲ. ಅದರಿಂದ ಆದ ಒಳ್ಳೆಯದೇನು, ಇದಕ್ಕಿಂತ ಉತ್ತಮವಾದ ದಾರಿ ಇದ್ದೇ ಇರಬೇಕಲ್ಲವೇ ಎಂದು ಒಲೆಯ ಮುಂದೆ ಅಡುಗೆ ಮಾಡುತ್ತಲೇ ಕೇಳಿದರು. ತೊಂಬತ್ತು ದಾಟಿದ ಮೇಲೂ ಲಾಸನ್ ತಮ್ಮ ಚಿಂತನೆಯ ಮೂಲವನ್ನು ಗುರುತಿಸುತ್ತಿದ್ದುದು ಆ ಅಡುಗೆಮನೆಯಲ್ಲಿ. ಗಾಂಧಿಯವರ ಹೆಸರು ಅವರ ಬದುಕಿನೊಳಗೆ ಬಂದದ್ದು ಅದಾದ ಮೇಲೆ.

1947 ರಲ್ಲಿ ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಅವರಿಗೆ ಸ್ಥಳೀಯ ಬೋಧಕರ ಪರವಾನಗಿ ದೊರೆತಿತ್ತು. ಪೂರ್ಣ ದೀಕ್ಷೆಗೆ ಮುಂಚೆ ಪ್ರಸಂಗ ಮಾಡಲು ಮೆಥಡಿಸ್ಟ್ ಸಭೆ ಕೊಡುವ ಅನುಮತಿ ಇದು. ಬಳಿಕ ಅವರು ಸೇರಿದ್ದು ಓಹಾಯೊದ ಬೆರಿಯ ಎಂಬ ಊರಿನ ಬಾಲ್ಡ್‌ವಿನ್–ವಾಲೇಸ್ ಕಾಲೇಜನ್ನು. ಬೆಂಗಳೂರಿನವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ಪರಿಚಿತವೆನಿಸಿದರೆ ಅದು ಆಕಸ್ಮಿಕವಲ್ಲ. ಬೆರಿಯದ ಮರಳುಗಲ್ಲಿನ ಗಣಿಗಳಿಂದ ಸಂಪತ್ತು ಗಳಿಸಿ, ಅದನ್ನು ವಿದ್ಯಾಸಂಸ್ಥೆಗಳಿಗೆ ಸುರಿದ ಜಾನ್ ಬಾಲ್ಡ್‌ವಿನ್ ಎಂಬ ಮೆಥಡಿಸ್ಟ್ ದಾನಿಯೇ ಆ ಕಾಲೇಜಿಗೂ, 1880 ರಲ್ಲಿ ಆರಂಭವಾದ ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳಿಗೂ ಹೆಸರು ಕೊಟ್ಟವರು. ಈ ಕಾಲೇಜಿನಲ್ಲಿ ಲಾಸನ್, ಶಾಂತಿವಾದಿ ಎ. ಜೆ. ಮಸ್ಟಿಯವರ ಮಾತು ಕೇಳಿ, ಯುದ್ಧವನ್ನು ಸಂಪೂರ್ಣವಾಗಿ ನಿರಾಕರಿಸುವ ಕ್ರೈಸ್ತರ ಸಂಘಟನೆಯಾದ ‘ಸಮಾಧಾನ ಬಳಗ’ವನ್ನು ಸೇರಿದರು. ಕೊರಿಯಾ ಯುದ್ಧಕ್ಕೆ ಸೈನ್ಯದ ಕರೆ ಬಂದಾಗ, ವಿದ್ಯಾರ್ಥಿಯೆಂದೋ ಪಾಲಕನಾಗಲಿರುವವನೆಂದೋ ವಿನಾಯಿತಿ ಕೇಳುವ ಅವಕಾಶವಿದ್ದರೂ ಅವರು ಕೇಳಲಿಲ್ಲ. ವಿನಾಯಿತಿ ಪಡೆಯುವುದೆಂದರೆ ಆ ಕಾನೂನನ್ನು ಒಪ್ಪಿಕೊಂಡಂತೆ ಎಂಬುದು ಅವರ ತರ್ಕವಾಗಿತ್ತು. 1951 ರಲ್ಲಿ ಮೂರು ವರ್ಷಗಳ ಶಿಕ್ಷೆಯಾಯಿತು. ಹದಿಮೂರು ತಿಂಗಳು ಸೆರೆಮನೆಯಲ್ಲಿದ್ದು ಹೊರಬಂದರು.

ಹೊರಬಂದ ಮರುವರ್ಷ, 1953 ರಲ್ಲಿ, ಮೆಥಡಿಸ್ಟ್ ಮಿಷನ್ನಿನ ಕಾರ್ಯಕರ್ತರಾಗಿ ಲಾಸನ್ ನಾಗಪುರಕ್ಕೆ ಬಂದರು. ಸ್ಕಾಟ್ಲೆಂಡಿನ ಮಿಷನರಿಗಳು 1883 ರಲ್ಲಿ ಸ್ಥಾಪಿಸಿದ್ದ ಹಿಸ್ಲಾಪ್ ಕಾಲೇಜಿನಲ್ಲಿ ಅವರದು ಕ್ರೀಡಾ ತರಬೇತುದಾರರ ಕೆಲಸ. ಗಾಂಧಿಯವರು ತೀರಿಕೊಂಡು ಐದು ವರ್ಷಗಳಾಗಿದ್ದವು. ಅವರು ಬಾಳಿದ ಸೇವಾಗ್ರಾಮ ನಾಗಪುರಕ್ಕೆ ಸಮೀಪದಲ್ಲಿತ್ತು, ಅವರೊಂದಿಗೆ ಸೆರೆಮನೆ ಕಂಡವರು ಎಲ್ಲೆಲ್ಲೂ ಇದ್ದರು. ಲಾಸನ್ ಗಾಂಧಿಯವರ ಬರಹಗಳನ್ನು ಓದಿದ್ದು ಭಕ್ತಿಗ್ರಂಥಗಳಂತೆ ಅಲ್ಲ, ಕುಸ್ತಿಯ ಪಟ್ಟುಗಳನ್ನು ಕಲಿಯುವವನು ಉಸ್ತಾದನನ್ನು ಗಮನಿಸುವಂತೆ: ಮೊದಲು ಸಂಗತಿಗಳನ್ನು ಸಂಗ್ರಹಿಸುವುದು, ಬಳಿಕ ಎದುರಾಳಿಯೊಡನೆ ಮಾತುಕತೆ, ಅದು ವಿಫಲವಾದರೆ ನೇರ ಕಾರ್ಯಾಚರಣೆ, ಅದಕ್ಕೆ ಹೊರಡುವ ಮುನ್ನ ಕಾರ್ಯಕರ್ತರ ತರಬೇತಿ. ಈ ಕ್ರಮವನ್ನು ಅವರು ಯೇಸುವಿನ ಪರ್ವತಪ್ರಸಂಗದೊಂದಿಗೆ, ಅಂದರೆ ಶತ್ರುವನ್ನೂ ಪ್ರೀತಿಸಬೇಕೆಂದು ಹೇಳುವ ಮತ್ತಾಯನ ಸುವಾರ್ತೆಯ ಭಾಗದೊಂದಿಗೆ, ಜೋಡಿಸಿಕೊಂಡರು. ಕನ್ನಡನಾಡಿನಲ್ಲಿ ಅಹಿಂಸೆಯೆಂದರೆ ಜೀವಹತ್ಯೆ ಮಾಡದಿರುವುದೆಂಬ ಜೈನ ಅರ್ಥವೇ ಮೊದಲು ಮನಸ್ಸಿಗೆ ಬರುತ್ತದೆ. ಲಾಸನ್‌ರ ಬಳಕೆಯಲ್ಲಿ ಅದು ಏನನ್ನಾದರೂ ಬಿಡುವುದರ ಹೆಸರಲ್ಲ, ಅನ್ಯಾಯದ ಎದುರಿಗೆ ಪ್ರೀತಿಯನ್ನು ಶಕ್ತಿಯಾಗಿ ಹೂಡುವುದರ ಹೆಸರು.

1955 ರ ಡಿಸೆಂಬರಿನಲ್ಲಿ ಅಮೆರಿಕದ ದಕ್ಷಿಣದ ಮಾಂಟ್‌ಗಮರಿಯ ಕಪ್ಪು ಜನರು ನಗರದ ಬಸ್ಸುಗಳನ್ನು ಬಹಿಷ್ಕರಿಸಿದ ಸುದ್ದಿಯನ್ನು ಅವರು ಓದಿದ್ದು ನಾಗಪುರದ ಪತ್ರಿಕೆಯಲ್ಲಿ. ತಾನು ಕಲಿಯಲು ಸಾಗರ ದಾಟಿ ಬಂದ ವಿದ್ಯೆಯನ್ನು ತನ್ನ ಜನ ಅಲ್ಲಿಯೇ ಪ್ರಯೋಗಿಸತೊಡಗಿದ್ದಾರೆಂಬುದು ಅವರನ್ನು ಕುಣಿದಾಡಿಸಿತು. 1956 ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ನಾಗಪುರದಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ಧರ್ಮ ಸ್ವೀಕರಿಸಿದರು; ಭಾರತದ ಅಸ್ಪೃಶ್ಯತೆಯ ಪ್ರಶ್ನೆಗೆ ಗಾಂಧಿಯವರಿಗಿಂತ ಬೇರೆಯಾದ ಆ ಉತ್ತರವನ್ನು ಲಾಸನ್ ಅಲ್ಲಿದ್ದು ಕಾಣಲಿಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಗೆ ಚುಚ್ಚುವ ಸಂಗತಿ.

ಓಬರ್ಲಿನ್ ಕಾಲೇಜಿನಲ್ಲಿ ಧರ್ಮಶಾಸ್ತ್ರ ಓದಲು ಸೇರಿದ್ದಾಗ, 1957 ರ ಫೆಬ್ರವರಿ 6 ರಂದು, ಉಪನ್ಯಾಸಕ್ಕೆ ಬಂದ ಕಿಂಗ್‌ರನ್ನು ಲಾಸನ್ ಭೇಟಿಯಾದರು. ಇಬ್ಬರಿಗೂ ಇಪ್ಪತ್ತೆಂಟು ವರ್ಷ. ಓದು ಮುಗಿಸಿ ಮುಂದೊಂದು ದಿನ ದಕ್ಷಿಣಕ್ಕೆ ಬರುವ ಯೋಚನೆಯಿದೆಯೆಂದು ಲಾಸನ್ ಹೇಳಿದಾಗ, ನಿಮ್ಮಂಥವರು ಅಲ್ಲಿ ಯಾರೂ ಇಲ್ಲ, ತಡಮಾಡದೆ ಈಗಲೇ ಬನ್ನಿ ಎಂದು ಕಿಂಗ್ ಒತ್ತಾಯಿಸಿದರು. ಓದನ್ನು ಅರ್ಧಕ್ಕೆ ಬಿಟ್ಟು ಲಾಸನ್ 1958 ರ ಆರಂಭದಲ್ಲಿ ಸಮಾಧಾನ ಬಳಗದ ದಕ್ಷಿಣ ಪ್ರಾಂತದ ಕಾರ್ಯದರ್ಶಿಯಾಗಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಹೋದರು; ಅಲ್ಲಿನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗಕ್ಕೂ ಸೇರಿಕೊಂಡರು.

ನ್ಯಾಶ್‌ವಿಲ್‌ನ ಕ್ಲಾರ್ಕ್ ಸ್ಮಾರಕ ಮೆಥಡಿಸ್ಟ್ ಆಲಯದಲ್ಲಿ ಅವರು ನಡೆಸಿದ ತರಗತಿಗಳು ಈ ಇತಿಹಾಸದ ತಿರುಳು. ಡಯಾನ್ ನ್ಯಾಶ್, ಜಾನ್ ಲೂಯಿಸ್, ಬರ್ನಾರ್ಡ್ ಲಫಯೆಟ್, ಜೇಮ್ಸ್ ಬೆವೆಲ್, ಮುಂದೆ ವಾಷಿಂಗ್ಟನ್ ನಗರದ ಮೇಯರ್ ಆದ ಮೇರಿಯನ್ ಬ್ಯಾರಿ ಮೊದಲಾದವರು ಅಲ್ಲಿ ವಿದ್ಯಾರ್ಥಿಗಳು. ಗಾಂಧಿ, ಯೇಸು, ಥೋರೊ, ಚೀನಾದ ಮೋಜಿ ಇವರ ವಿಚಾರಗಳ ಚರ್ಚೆಯೊಂದಿಗೆ ಆರಂಭವಾಗುತ್ತಿದ್ದ ಪಾಠ, ಬಳಿಕ ನಾಟಕದ ತಾಲೀಮಿನ ರೂಪ ತಾಳುತ್ತಿತ್ತು. ಕೆಲವರು ಕುರ್ಚಿಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಉಳಿದವರು ಬಿಳಿಯ ಪುಂಡರ ಪಾತ್ರ ವಹಿಸಿ ಅವರನ್ನು ಬೈಯುವುದು, ಕೂದಲು ಹಿಡಿದೆಳೆಯುವುದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡುವುದು, ಕುರ್ಚಿಯಿಂದ ಕೆಳಕ್ಕೆ ಕೆಡಹುವುದು ಮಾಡುತ್ತಿದ್ದರು. ಏಟು ಬಿದ್ದಾಗ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಹೊಡೆಯುವವನ ಕಣ್ಣಲ್ಲಿ ಕಣ್ಣಿಟ್ಟು ಹೇಗೆ ನೋಡಬೇಕು, ಪಕ್ಕದವನ ಮೇಲೆ ಏಟು ಬೀಳುವಾಗ ನಡುವೆ ತನ್ನ ಮೈಯನ್ನು ಹೇಗೆ ಒಡ್ಡಬೇಕು ಎಂಬುದೆಲ್ಲ ಪಾಠವೇ. ಕೋಪ ಬಂದವರು ತಾವಾಗಿಯೇ ಹಿಂದೆ ಸರಿಯಬಹುದಿತ್ತು, ಅದರಲ್ಲಿ ಅವಮಾನವಿರಲಿಲ್ಲ. ಇಷ್ಟು ವಿವರವಾಗಿ, ಇಷ್ಟು ತಿಂಗಳುಗಟ್ಟಲೆ, ಸಾಮಾನ್ಯ ಕಾಲೇಜು ವಿದ್ಯಾರ್ಥಿಗಳನ್ನು ಅಹಿಂಸೆಗೆ ಪಳಗಿಸಿದ ಇನ್ನೊಂದು ಉದಾಹರಣೆ ಆ ಕಾಲದ ಅಮೆರಿಕದಲ್ಲಿ ಸಿಗುವುದು ಕಷ್ಟ.

ಗುರಿಯಾಗಿ ಆರಿಸಿಕೊಂಡದ್ದು ನಗರದ ದೊಡ್ಡ ಅಂಗಡಿಗಳೊಳಗಿನ ಉಪಾಹಾರದ ಕೌಂಟರುಗಳನ್ನು. ಕಪ್ಪು ಗಿರಾಕಿ ಅಲ್ಲಿ ಬಟ್ಟೆಬರೆ, ಪಾತ್ರೆಪಗಡ ಕೊಳ್ಳಬಹುದಾಗಿತ್ತು, ಕುಳಿತು ಒಂದು ಲೋಟ ಕಾಫಿ ಕುಡಿಯುವಂತಿರಲಿಲ್ಲ. ನಮ್ಮ ಹಳ್ಳಿಗಳ ಚಹಾದಂಗಡಿಗಳಲ್ಲಿ ದಲಿತರಿಗೆಂದು ಬೇರೆ ಲೋಟ ಇಡುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದರ ಅವಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. 1960 ರ ಫೆಬ್ರವರಿ 13 ರಂದು ಧರಣಿ ಆರಂಭವಾಯಿತು: ಶುಚಿಯಾಗಿ ಉಡುಪು ಧರಿಸಿದ ವಿದ್ಯಾರ್ಥಿಗಳು ಕೌಂಟರಿನ ಮುಂದೆ ಕುಳಿತು, ಪುಸ್ತಕ ತೆರೆದು, ಬಡಿಸುವವರೆಗೆ ಕಾಯುತ್ತಿದ್ದರು. ಫೆಬ್ರವರಿ 27 ರ ಶನಿವಾರ ಪುಂಡರ ಗುಂಪು ಅವರ ಮೇಲೆ ಬಿದ್ದು ಹೊಡೆದಾಗ ಪೊಲೀಸರು ಹಿಡಿದದ್ದು ಹೊಡೆದವರನ್ನಲ್ಲ, ಏಟು ತಿಂದ 81 ಮಂದಿಯನ್ನು; ಒಂದು ಸಾಲನ್ನು ಎಬ್ಬಿಸಿ ಕರೆದೊಯ್ದಂತೆ ಇನ್ನೊಂದು ಸಾಲು ಬಂದು ಕೂರುತ್ತಿತ್ತು.

ಆ ದಿನಗಳ ಒಂದು ಘಟನೆ ಲಾಸನ್‌ರ ಬೋಧನೆಯನ್ನು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ. ಬೀದಿಯಲ್ಲಿ ಚಳವಳಿಗಾರನೊಬ್ಬನ ಮೇಲೆ ಬಿದ್ದಿದ್ದ ಯುವಕರ ಗುಂಪಿನತ್ತ ಅವರು ನಡೆದುಹೋದಾಗ, ಅವರಲ್ಲೊಬ್ಬ ಇವರ ಮುಖದ ಮೇಲೆ ಉಗುಳಿದ. ಲಾಸನ್ ಅವನನ್ನೇ ಕರವಸ್ತ್ರ ಕೇಳಿದರು. ಅವನು ಅಪ್ರತಿಭನಾಗಿ ಕೊಟ್ಟ. ಮುಖ ಒರೆಸಿಕೊಂಡು ಹಿಂತಿರುಗಿಸಿ, ನಿನ್ನ ಬಳಿ ಮೋಟಾರು ಸೈಕಲ್ ಇದೆಯೇ ಎಂದು ವಿಚಾರಿಸಿದರು. ಎಂಜಿನ್ನಿನ ವಿಚಾರವಾಗಿ ಇಬ್ಬರೂ ಮಾತಿಗಿಳಿದಷ್ಟರಲ್ಲಿ, ಏಟು ತಿಂದಿದ್ದವನು ಎದ್ದು ತನ್ನ ಸಾಲಿಗೆ ಮರಳಿದ್ದ.

ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಮಾರ್ಚ್ 3 ರಂದು ಲಾಸನ್‌ರನ್ನು ಹೊರಹಾಕಿತು; ಮರುದಿನ ಪೊಲೀಸರು ಅವರನ್ನು ಚರ್ಚಿನಿಂದಲೇ ಬಂಧಿಸಿ ಕರೆದೊಯ್ದರು. ಉಚ್ಚಾಟನೆಯನ್ನು ವಿರೋಧಿಸಿ ಧರ್ಮಶಾಸ್ತ್ರ ವಿಭಾಗದ ಬಹುಪಾಲು ಅಧ್ಯಾಪಕರು ರಾಜೀನಾಮೆ ಸಲ್ಲಿಸಿದ್ದು ಇಡೀ ದೇಶದ ಗಮನ ಸೆಳೆಯಿತು. ಲಾಸನ್ ಮಾತ್ರ ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿ ಮುಗಿಸಿದರು. ಏಪ್ರಿಲ್ 19 ರ ಮುಂಜಾನೆ, ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲ ಅಲೆಕ್ಸಾಂಡರ್ ಲೂಬಿಯವರ ಮನೆಗೆ ಬಾಂಬು ಬಿತ್ತು. ಅಂದೇ ಸಾವಿರಾರು ಜನ ಮೌನವಾಗಿ ನಗರಸಭೆಗೆ ನಡೆದುಹೋದರು. ಅಲ್ಲಿ ಡಯಾನ್ ನ್ಯಾಶ್ ಕೇಳಿದ ನೇರ ಪ್ರಶ್ನೆಗೆ ಮೇಯರ್ ಬೆನ್ ವೆಸ್ಟ್, ಬಣ್ಣ ನೋಡಿ ಭೇದ ಮಾಡುವುದು ತಪ್ಪೆಂದು ಎಲ್ಲರೆದುರಿಗೆ ಒಪ್ಪಿಕೊಂಡರು. ಮೇ 10 ರಂದು ಆರು ಅಂಗಡಿಗಳ ಕೌಂಟರುಗಳು ಎಲ್ಲರಿಗೂ ತೆರೆದುಕೊಂಡವು.

ಅದೇ ಏಪ್ರಿಲಿನಲ್ಲಿ ರ್‍ಯಾಲಿ ನಗರದ ಶಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಧ್ಯೇಯ ಹೇಳಿಕೆಯ ಕರಡನ್ನು ಬರೆದವರು ಲಾಸನ್. ಆದರೆ ಆ ಸಭೆಯಲ್ಲಿಯೇ ಅವರು ಕಪ್ಪು ಜನರ ಹಿರಿಯ ಸಂಘಟನೆಯಾದ ಎನ್‌ಎಎಸಿಪಿಯನ್ನು ನ್ಯಾಯಾಲಯಗಳನ್ನೇ ನೆಚ್ಚಿಕೊಂಡಿದೆಯೆಂದೂ ಮಧ್ಯಮವರ್ಗದ ಧೋರಣೆಯದೆಂದೂ ಕಟುವಾಗಿ ಟೀಕಿಸಿ ಹಿರಿಯರ ಅಸಮಾಧಾನಕ್ಕೆ ಗುರಿಯಾದರು. ಮುಂದಿನ ಆರು ವರ್ಷಗಳಲ್ಲಿ ಆ ಸಮಿತಿ ಅಹಿಂಸೆಯ ಮಾತನ್ನೇ ಬದಿಗಿಟ್ಟು ‘ಕಪ್ಪು ಶಕ್ತಿ’ಯ ಘೋಷಣೆಯತ್ತ ಹೊರಳಿತು. ಲಾಸನ್ ಕಲಿಸಿದ ವಿದ್ಯೆಗೆ ದಿನನಿತ್ಯದ ತಾಲೀಮು ಬೇಕಿತ್ತು. ಚಳವಳಿ ದೇಶದುದ್ದಕ್ಕೂ ಹಬ್ಬಿದ ವೇಗಕ್ಕೆ ಸರಿಯಾಗಿ ತರಗತಿಗಳು ಹಬ್ಬಲಿಲ್ಲ ಎಂಬುದು ಈ ಸೋಲಿನ ಒಂದು ಕಾರಣವೆಂದು ತೋರುತ್ತದೆ.

ಆ ಕೊರತೆ ಕಣ್ಣಿಗೆ ಹೊಡೆದಂತೆ ಕಂಡದ್ದು ಮೆಂಫಿಸಿನಲ್ಲಿ. 1962 ರಲ್ಲಿ ಬಿಷಪ್ಪರು ಲಾಸನ್‌ರನ್ನು ಅಲ್ಲಿನ ಸೆಂಟಿನರಿ ಮೆಥಡಿಸ್ಟ್ ಸಭೆಗೆ ನೇಮಿಸಿದ್ದರು. 1968 ರ ಫೆಬ್ರವರಿ 1 ರಂದು, ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ನಿಂತಿದ್ದ ಎಕಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು, ಕಸ ಒತ್ತುವ ಯಂತ್ರ ತಾನಾಗಿ ಚಾಲೂ ಆಗಿ ಅದರೊಳಗೆ ಸಿಕ್ಕಿ ಸತ್ತರು. ಫೆಬ್ರವರಿ 12 ರಂದು ಸುಮಾರು 1,300 ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹುತೇಕ ಎಲ್ಲರೂ ಕಪ್ಪು ಜನ. ತಲೆಯ ಮೇಲೆ ಹೊತ್ತ ಕಸದ ತೊಟ್ಟಿಯಿಂದ ಕೊಳಕು ನೀರು ಮೈಮೇಲೆ ಸೋರುತ್ತಿದ್ದರೂ ಕೈತೊಳೆಯಲು ಸೌಕರ್ಯವಿಲ್ಲದವರು, ಹಗಲೆಲ್ಲ ದುಡಿದೂ ಸರ್ಕಾರದ ಬಡವರ ಪಟ್ಟಿಯಿಂದ ಹೊರಬರದವರು. ಮುಷ್ಕರವನ್ನು ಬೆಂಬಲಿಸಿದ ಪಾಲಕರ ಮತ್ತು ನಾಗರಿಕರ ಒಕ್ಕೂಟದ ಕಾರ್ಯತಂತ್ರ ಸಮಿತಿಗೆ ಲಾಸನ್ ಅಧ್ಯಕ್ಷರಾದರು. ಗಂಡಸನ್ನು ಗಂಡಸೆಂದು, ಮನುಷ್ಯನನ್ನು ಮನುಷ್ಯನೆಂದು ಗಣಿಸದಿರುವುದೇ ಜನಾಂಗಭೇದದ ಬೇರು ಎಂದು ಅವರು ಕಾರ್ಮಿಕರ ಸಭೆಯಲ್ಲಿ ಹೇಳಿದ ವಿಚಾರ, ಮುಂದೆ ಪ್ರತಿಯೊಬ್ಬ ಕಾರ್ಮಿಕನ ಕೊರಳಲ್ಲಿ ತೂಗಿದ ‘ನಾನು ಮನುಷ್ಯ’ ಎಂಬ ಫಲಕವಾಗಿ ಕಾಣಿಸಿಕೊಂಡಿತು.

ಕಿಂಗ್‌ರನ್ನು ಮೆಂಫಿಸಿಗೆ ಕರೆಸಿದವರೂ ಲಾಸನ್ನರೇ. ಮಾರ್ಚ್ 28 ರ ಮೆರವಣಿಗೆಯಲ್ಲಿ, ಯಾವ ತರಬೇತಿಯೂ ಇಲ್ಲದ ಹುಡುಗರ ಗುಂಪು ಅಂಗಡಿಗಳ ಗಾಜು ಒಡೆಯತೊಡಗಿದಾಗ ಲಾಸನ್ ಮೆರವಣಿಗೆಯನ್ನು ಹಿಂದಿರುಗಿಸಿದರು. ಪೊಲೀಸರ ಗುಂಡಿಗೆ ಹದಿನಾರರ ಹುಡುಗ ಲ್ಯಾರಿ ಪೇನ್ ಬಲಿಯಾದ. ಶಾಂತವಾದ ಮೆರವಣಿಗೆ ಸಾಧ್ಯವೆಂದು ತೋರಿಸಲೇಬೇಕೆಂದು ಕಿಂಗ್ ಮತ್ತೆ ಬಂದರು. ಏಪ್ರಿಲ್ 3 ರ ರಾತ್ರಿಯ ತಮ್ಮ ಕೊನೆಯ ಭಾಷಣದಲ್ಲಿ, ಹೋರಾಡಿದ್ದಕ್ಕಾಗಿ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟ ಲಾಸನ್‌ರನ್ನು ಹೆಸರಿಸಿ ಮೆಚ್ಚಿದರು. ಮರುದಿನ ಸಂಜೆ ಹಂತಕನ ಗುಂಡಿಗೆ ಬಲಿಯಾದರು. ಏಪ್ರಿಲ್ 16 ರಂದು ನಗರಸಭೆ ಕಾರ್ಮಿಕ ಸಂಘವನ್ನು ಮಾನ್ಯಮಾಡಿ ಕೂಲಿ ಹೆಚ್ಚಿಸಲು ಒಪ್ಪಿತು. ಗೆಳೆಯನನ್ನು ತಾನೇ ಕರೆಸಿ ಕಳೆದುಕೊಂಡ ನೋವಿನೊಡನೆಯೇ ಲಾಸನ್, ಆ ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿದ್ದ ಜೇಮ್ಸ್ ಅರ್ಲ್ ರೇಯನ್ನು ಸೆರೆಮನೆಯಲ್ಲಿ ಭೇಟಿಯಾಗುತ್ತಿದ್ದರು, 1978 ರಲ್ಲಿ ಅಲ್ಲಿಯೇ ಅವನ ಮದುವೆಯನ್ನೂ ನಡೆಸಿಕೊಟ್ಟರು. ಕೊಲೆಯ ಹಿಂದೆ ಒಬ್ಬನೇ ಇದ್ದನೆಂಬುದನ್ನು ಅವರು ನಂಬಿರಲಿಲ್ಲ. ಅದನ್ನು ಒಪ್ಪದವರು ಕೂಡ, ಕೈದಿಗೆ ಪಾಲಕನ ಸೇವೆ ಸಲ್ಲಬೇಕೆಂಬ ಅವರ ನಿಲುವಿನ ಮುಂದೆ ಮೌನವಾಗಬೇಕಾಗುತ್ತದೆ.

1974 ರಲ್ಲಿ ಲಾಸ್ ಏಂಜಲಿಸಿಗೆ ಬಂದ ಮೇಲೆ ಅವರ ಕಾರ್ಯಕ್ಷೇತ್ರದ ಜನರೂ ಭಾಷೆಯೂ ಬದಲಾದವು. ಹೋಲ್ಮನ್ ಸಭೆಯ ಸದಸ್ಯರು ಬಹುಪಾಲು ಕಪ್ಪು ಮಧ್ಯಮವರ್ಗದವರು. ಆದರೆ ನಗರದ ಹೋಟೆಲುಗಳಲ್ಲಿ ಹಾಸಿಗೆ ಮಡಿಸುತ್ತಿದ್ದವರು, ರಾತ್ರಿ ಕಚೇರಿಗಳ ನೆಲ ಒರೆಸುತ್ತಿದ್ದವರು ಮೆಕ್ಸಿಕೊ, ಎಲ್ ಸಾಲ್ವಡಾರ್, ಗ್ವಾಟೆಮಾಲಗಳಿಂದ ಬಂದ ಸ್ಪ್ಯಾನಿಷ್ ಭಾಷೆಯ ವಲಸಿಗರು, ಹೆಚ್ಚಿನವರು ಹೆಂಗಸರು. ಲಾಸನ್ ಹೋಟೆಲ್ ಕಾರ್ಮಿಕರ ಸಂಘದವರಿಗೆ ಪಾಠ ಹೇಳತೊಡಗಿದರು. ಮೆಂಫಿಸಿನ ಕಸದ ತೊಟ್ಟಿಗೂ ಈ ಹೊರಕೆಗೂ ನಡುವೆ ಅವರಿಗೆ ವ್ಯತ್ಯಾಸ ಕಾಣಲಿಲ್ಲ: ಗುಲಾಮಗಿರಿಯ ಕಾಲದ ತೋಟದ ಮಾಲೀಕರ ದೃಷ್ಟಿಯೇ, ಅಂದರೆ ದುಡಿಯುವವನ ಮೈಯನ್ನು ಮಾತ್ರ ಎಣಿಸಿ ಮನುಷ್ಯನನ್ನು ಲೆಕ್ಕಕ್ಕಿಡದ ದೃಷ್ಟಿಯೇ, ಇಂದಿನ ಆರ್ಥಿಕತೆಯಲ್ಲಿ ಮುಂದುವರಿದಿದೆ ಎನ್ನುತ್ತಿದ್ದ ಅವರು ಅದಕ್ಕೆ ‘ತೋಟದ ಬಂಡವಾಳಶಾಹಿ’ ಎಂಬ ಹೆಸರು ಕೊಟ್ಟಿದ್ದರು.

1996 ರಲ್ಲಿ ಅವರೂ ಸೇರಿ ಕಟ್ಟಿದ ‘ಆರ್ಥಿಕ ನ್ಯಾಯಕ್ಕಾಗಿ ಪಾಲಕರ ಮತ್ತು ಭಕ್ತರ ಒಕ್ಕೂಟ’ದಲ್ಲಿ ಕ್ರೈಸ್ತ ಪಾಲಕರೊಂದಿಗೆ ಯೆಹೂದಿ ರಬ್ಬಿಗಳೂ ಮುಸ್ಲಿಮರೂ ಇದ್ದರು. ನಗರಸಭೆಯ ಗುತ್ತಿಗೆ ಪಡೆದ ಸಂಸ್ಥೆಗಳು ತಮ್ಮ ಕೆಲಸಗಾರರಿಗೆ ಆರೋಗ್ಯ ಸೌಲಭ್ಯದೊಂದಿಗೆ ಗಂಟೆಗೆ ಕನಿಷ್ಠ 7.25 ಡಾಲರ್ ಕೊಡಬೇಕೆಂಬ ‘ಬದುಕುವ ಕೂಲಿ’ ಕಾಯಿದೆ 1997 ರಲ್ಲಿ ಜಾರಿಯಾದಾಗ, ಅದಕ್ಕಾಗಿ ಧ್ವನಿಯೆತ್ತಿದವರಲ್ಲಿ ಧರ್ಮಗುರುಗಳ ಈ ಬಳಗವೂ ಇತ್ತು. 1998 ರಲ್ಲಿ ಬೆವರ್ಲಿ ಹಿಲ್ಸ್‌ನ ಐಷಾರಾಮಿ ಬೀದಿಯಲ್ಲಿ ಈ ಒಕ್ಕೂಟದವರು ನಿಲುವಂಗಿ ತೊಟ್ಟು ಮೆರವಣಿಗೆ ನಡೆಸಿದರು. ಕಾರ್ಮಿಕರೊಡನೆ ಒಪ್ಪಂದಕ್ಕೆ ಬಂದಿದ್ದ ಹೋಟೆಲುಗಳಿಗೆ ಹಾಲು ಜೇನು, ಬಾರದಿದ್ದ ಹೋಟೆಲಿಗೆ ಕಹಿಸೊಪ್ಪು ಅರ್ಪಿಸಿದರು. ಐಗುಪ್ತದ ದಾಸ್ಯವನ್ನು ಮರೆಯದಿರಲು ಯೆಹೂದಿಗಳು ಪಸ್ಕ ಹಬ್ಬದಲ್ಲಿ ತಿನ್ನುವುದು ಆ ಕಹಿಸೊಪ್ಪನ್ನು. ಹಾಲೂ ಜೇನೂ ಹರಿಯುವ ನಾಡು ದೇವರು ಅವರಿಗೆ ವಾಗ್ದಾನ ಮಾಡಿದ್ದು. ಯುಗಾದಿಯ ದಿನ ಬೇವು ಬೆಲ್ಲ ಹಂಚುವ ಜನರಿಗೆ ಈ ಸಂಕೇತದ ಮಾತು ಅರ್ಥವಾಗಲು ತಡವಾಗದು.

ನಿವೃತ್ತಿಯ ನಂತರ ಲಾಸನ್ ಊರು ಬಿಡಲಿಲ್ಲ. ಹೋಲ್ಮನ್ ಸಭೆಯಲ್ಲಿ ತಿಂಗಳ ನಾಲ್ಕನೆಯ ಶನಿವಾರ ಅವರ ಅಹಿಂಸೆಯ ತರಗತಿ ನಡೆಯುತ್ತಿತ್ತು. ಯಾರು ಬೇಕಾದರೂ ಬರಬಹುದಿತ್ತು. ಅದರ ಜೊತೆಗೆ ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾರ್ಮಿಕ ಅಧ್ಯಯನ ಕೇಂದ್ರದಲ್ಲಿ, ಅದರ ನಿರ್ದೇಶಕ ಕೆಂಟ್ ವಾಂಗ್‌ರೊಡನೆ ಸೇರಿ, ಸುಮಾರು ಎರಡು ದಶಕಗಳ ಕಾಲ ಅಹಿಂಸೆ ಮತ್ತು ಸಾಮಾಜಿಕ ಚಳವಳಿಗಳ ಪಾಠ ಹೇಳಿದರು. ನಾರ್ತ್‌ರಿಜ್‌ನ ರಾಜ್ಯ ವಿಶ್ವವಿದ್ಯಾಲಯದಲ್ಲಿಯೂ ಕಲಿಸಿದರು. ಎಳವೆಯಲ್ಲಿಯೇ ತಂದೆತಾಯಿಗಳೊಡನೆ ಗಡಿ ದಾಟಿ ಬಂದು, ಬೇರೆ ದೇಶದ ನೆನಪೇ ಇಲ್ಲದಿದ್ದರೂ ಕಾಗದಪತ್ರಗಳಿಲ್ಲದ ಕಾರಣ ಗಡೀಪಾರಿನ ಭಯದಲ್ಲಿ ಬದುಕುತ್ತಿದ್ದ ವಿದ್ಯಾರ್ಥಿಗಳು ಅವರ ತರಗತಿಯಲ್ಲಿದ್ದರು. ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಸೆರೆಮನೆಯ ಭಯವಿತ್ತು. ಇವರು ಬಾಯಿಬಿಟ್ಟು ತಮ್ಮ ಹೆಸರು ಹೇಳಿಕೊಂಡರೆ ಬದುಕಿದ ಊರೇ ಕೈತಪ್ಪಿಹೋಗುವ ಭಯ. ಆ ಭಯವನ್ನು ಒಬ್ಬೊಬ್ಬರಾಗಿ ಹೊರುವ ಬದಲು ಒಟ್ಟಾಗಿ ಹೊರುವುದು ಹೇಗೆಂಬುದೇ ಅಲ್ಲಿನ ಪಾಠ.

2003 ರ ಶರತ್ಕಾಲದ ‘ವಲಸೆ ಕಾರ್ಮಿಕರ ಸ್ವಾತಂತ್ರ್ಯ ಯಾತ್ರೆ’ಯ ಹಿಂದೆ ನಿಂತ ಹಿರಿಯರಲ್ಲಿ ಲಾಸನ್ ಒಬ್ಬರು. 1961 ರಲ್ಲಿ ಕಪ್ಪು ಬಿಳಿ ಚಳವಳಿಗಾರರು ಒಂದೇ ಬಸ್ಸಿನಲ್ಲಿ ಕುಳಿತು ದಕ್ಷಿಣದ ರಾಜ್ಯಗಳಿಗೆ ಹೋದ ಸ್ವಾತಂತ್ರ್ಯ ಯಾತ್ರೆಯಲ್ಲಿ ಅವರೂ ಇದ್ದು, ಮಿಸಿಸಿಪಿಯಲ್ಲಿ ಸೆರೆಗೆ ಹೋಗಿದ್ದರು. ಹೊಸ ಯಾತ್ರೆಗೆ ಹೆಸರು ಬಂದದ್ದು ಅದರಿಂದ. ಸುಮಾರು 900 ಮಂದಿ 18 ಬಸ್ಸುಗಳಲ್ಲಿ ದೇಶದ ನಾನಾ ನಗರಗಳಿಂದ ವಾಷಿಂಗ್ಟನ್ನಿಗೂ ನ್ಯೂಯಾರ್ಕಿಗೂ ಹೊರಟರು. ಟೆಕ್ಸಸ್‌ನ ಸಿಯೆರಾ ಬ್ಲಾಂಕಾ ಎಂಬಲ್ಲಿ ಗಡಿ ಕಾವಲು ಪಡೆ ಲಾಸ್ ಏಂಜಲಿಸಿನ ಬಸ್ಸುಗಳನ್ನು ತಡೆದು ಯಾತ್ರಿಕರ ಪೌರತ್ವ ವಿಚಾರಿಸಿದಾಗ, ಕಾಗದಪತ್ರ ಇದ್ದವರೂ ಇಲ್ಲದವರೂ ಒಂದೇ ಸಮನೆ ಉತ್ತರಿಸಲು ನಿರಾಕರಿಸಿ ಚಳವಳಿಯ ಹಾಡು ಹಾಡುತ್ತ ಕುಳಿತರು. ಗಂಟೆಗಳು ಕಳೆದ ಮೇಲೆ ಪಡೆಯವರು ಎಲ್ಲರನ್ನೂ ಬಿಟ್ಟು ಕಳುಹಿಸಿದರು. ಈ ಯಾತ್ರಿಕರು ಪ್ರಸಿದ್ಧರಲ್ಲ, ಹೊರಡುವ ಮುಂಚೆ ಅಹಿಂಸೆಯ ತಾಲೀಮು ಪಡೆದಿದ್ದ ಹೋಟೆಲು ಕೆಲಸಗಾರರೂ ಕಸಗುಡಿಸುವವರೂ ಆಗಿದ್ದರು ಎಂಬುದೇ ಲಾಸನ್‌ರ ನಂಬಿಕೆಗೆ ದೊರೆತ ಅತ್ಯಂತ ಗಟ್ಟಿಯಾದ ಸಾಕ್ಷ್ಯ.

ತಮ್ಮ ಸಭೆಯೊಡನೆಯೂ ಅವರು ಇದೇ ರೀತಿ ಸೆಣಸಿದರು. ಸಲಿಂಗ ಪ್ರೇಮಿಗಳಿಗೆ ಗುರುದೀಕ್ಷೆ ಕೊಡಬಾರದೆಂದು ಯುನೈಟೆಡ್ ಮೆಥಡಿಸ್ಟ್ ಸಭೆ ವಿಧಿಸಿದ್ದ ನಿಷೇಧವನ್ನು ವಿರೋಧಿಸಿ, 2000 ದ ಮೇ ತಿಂಗಳಲ್ಲಿ ಕ್ಲೀವ್‌ಲೆಂಡಿನ ಮಹಾಸಮ್ಮೇಳನದ ಹೊರಗೆ ನಡೆದ ಪ್ರತಿಭಟನೆಯಲ್ಲಿ ಬಂಧಿತರಾದವರಲ್ಲಿ ಎಪ್ಪತ್ತೊಂದರ ಲಾಸನ್ ಕೂಡ ಇದ್ದರು. ಒಂದು ಕಾಲದಲ್ಲಿ ಕಪ್ಪು ಜನರಿಗೆಂದು ಬೇರೆ ಪ್ರಾಂತ ಮಾಡಿದ್ದ ಸಭೆ ಈಗ ಇನ್ನೊಂದು ಗುಂಪಿಗೆ ಬಾಗಿಲು ಮುಚ್ಚುವುದನ್ನು ಅವರು ಸುಮ್ಮನೆ ನೋಡಲಾರದವರಾಗಿದ್ದರು. ಅವರನ್ನು ಉಚ್ಚಾಟಿಸಿದ್ದ ವಾಂಡರ್‌ಬಿಲ್ಟ್ ಮಾತ್ರ ಅದಕ್ಕಿಂತ ಬೇಗ ಬದಲಾಯಿತು: 2006 ರಲ್ಲಿ ಅವರನ್ನು ಸಂದರ್ಶಕ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು, ಅವರ ಕಾಗದಪತ್ರಗಳು ಆ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು, ಅಹಿಂಸಾ ಚಳವಳಿಗಳ ಅಧ್ಯಯನಕ್ಕಾಗಿ ಅವರ ಹೆಸರಿನ ಸಂಸ್ಥೆಯೊಂದು ಅಲ್ಲಿ ಹುಟ್ಟಿತು.

2020 ರ ಜುಲೈ 30 ರಂದು ಅಟ್ಲಾಂಟದಲ್ಲಿ ಜಾನ್ ಲೂಯಿಸರ ಅಂತ್ಯಸಂಸ್ಕಾರ ನಡೆದಾಗ, ಮಾಜಿ ಅಧ್ಯಕ್ಷರುಗಳ ಸಾಲಿನ ಮುಂದೆ ನಿಂತು ಮಾತನಾಡಿದವರಲ್ಲಿ ತೊಂಬತ್ತೊಂದರ ಲಾಸನ್ ಒಬ್ಬರು. ನ್ಯಾಶ್‌ವಿಲ್‌ನ ತರಗತಿಗೆ ಬಂದ ದಿನಗಳಿಂದ ಬಲ್ಲ ಶಿಷ್ಯನಿಗೆ ಗುರು ವಿದಾಯ ಹೇಳಬೇಕಾಗಿ ಬಂದಿತ್ತು. 2022 ರಲ್ಲಿ ಅವರ ಭಾಷಣ ಸಂವಾದಗಳ ಸಂಕಲನ ಪುಸ್ತಕವಾಗಿ ಬಂತು. 2024 ರ ಜನವರಿಯಲ್ಲಿ, ಹೋಲ್ಮನ್ ಆಲಯ ನಿಂತಿರುವ ಆಡಮ್ಸ್ ರಸ್ತೆಯ ಒಂದು ಮೈಲಿಗೆ ನಗರ ಅವರ ಹೆಸರಿಟ್ಟಿತು. ಅದೇ ವರ್ಷದ ಮೇ 1 ರಂದು ಷಾರ್ಲಟ್ ನಗರದಲ್ಲಿ ಕೂಡಿದ ಮೆಥಡಿಸ್ಟ್ ಮಹಾಸಮ್ಮೇಳನ, 692 ಕ್ಕೆ 51 ಮತಗಳಿಂದ, ದೀಕ್ಷೆಯ ಆ ನಿಷೇಧವನ್ನು ತೆಗೆದುಹಾಕಿತು. ಲಾಸನ್ ಅದಾದ ಮೇಲೆ ಐದೂವರೆ ವಾರ ಬದುಕಿದ್ದರು.